ಬೆಲ್ಲ ಕೊಡದ ಆಲೆಮನೆ

"ಮಚ್ಚೆ ಅಂಟಿಸ್ಕಳಿ ಸಾ."

ಕಾನ್‌ಸ್ಟೆಬಲ್ ಕೇತಯ್ಯ ಅಂಗೈ ಚಾಚಿದ್ದ. ಅದರ ಮೇಲೆ ಹೆಂಗಸರು ಹಣೆಗೆ ಇಟ್ಟುಕೊಳ್ಳುವ ಕಪ್ಪು ಸ್ಟಿಕ್ಕರ್ ಬೊಟ್ಟು.

ಎ.ಎಸ್.ಐ. ಶಾಂತರಾಜು ಬೊಟ್ಟನ್ನು ನೋಡಿದ. ಕೇತಯ್ಯನನ್ನು ನೋಡಿದ. ತಾನು ಕೂತಿದ್ದ ಪೆಟ್ಟಿಗೆಯನ್ನೂ ನೋಡಿಕೊಂಡ. ಹಳೇ ಮೋಟರ್ ಸೈಕಲ್ಲಿನ ಪಕ್ಕಕ್ಕೆ ಇನ್ನೊಂದು ಚಕ್ರ ಬೆಸೆದು ಕಟ್ಟಿದ ಐಸ್‌ಕ್ಯಾಂಡಿ ಪೆಟ್ಟಿಗೆ ಅದು. ಕೇತಯ್ಯನ ಭಾವಮೈದುನನದು. ತಳದಲ್ಲಿ ಕರಗಿದ ಐಸಿನ ನೀರು ಹಾಗೇ ನಿಂತಿತ್ತು. ಕೊಳ್ಳೇಗಾಲದಿಂದ ಮಾಂಬಳ್ಳಿಯ ಕಬ್ಬಿನ ಬಯಲಿನವರೆಗೂ ಶಾಂತರಾಜು ಅದರೊಳಗೆ ಮಂಡಿ ಮಡಚಿಕೊಂಡು, ಮಫ್ತಿಯ ಪಂಚೆ ಒದ್ದೆ ಮಾಡಿಕೊಂಡು ಬಂದಿದ್ದ. ದಾರಿಯಲ್ಲಿ ಜನ ಕೈ ಅಡ್ಡ ಹಾಕಿ ಮಾವಿನ ಕ್ಯಾಂಡಿ ಕೇಳಿದ್ದರು.

"ಯಾನ್ಲಾ ಇದು?"

"ವೇಷ ಸಾ. ಎಂಬತ್ತನೇ ಇಸ್ವಿ ಪಿಚ್ಚರ್‌ಗಳಲ್ಲಿ ಈರೋ ಕೆನ್ನೆಗೊಂದು ಮಚ್ಚೆ ಅಂಟಿಸ್ಕಂಡ್ರೆ ಮುಗೀತು. ವಿಲನ್ ಬುಡಿ, ಎತ್ತವ್ವನ್ಗೂ ಗುರ್ತು ಸಿಕ್ತಿರ್ನಿಲ್ಲ."

"ನನ್ ಮೊಖ ಈ ಸೀಮೆ ನಾಯಿಗಳ್ಗೂ ಗೊತ್ತು ಕಣ್ಲಾ."

"ಮಚ್ಚೆ ಇಲ್ದೆ ಗೊತ್ತು ಸಾ. ಮಚ್ಚೆ ಇರೋದು ಯಾರ್ಗೆ ಗೊತ್ತು?"

ಶಾಂತರಾಜುವಿಗೆ ಕೋಪ ಬಂದರೆ ಕಿವಿಯ ತುದಿ ಕೆಂಪಾಗುತ್ತಿತ್ತು. ಇವತ್ತು ಬೆಳಗಿನಿಂದ ಅದು ಕೆಂಪಗೇ ಇತ್ತು. ನಿನ್ನೆ ಬೆಳಗ್ಗೆ ಹನೂರು ಕಡೆಯ ರೈತರ ರೇಷ್ಮೆಗೂಡು ತುಂಬಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೊರಟ ವ್ಯಾನು ದಾರಿಯಲ್ಲಿ ಮಾಯವಾಗಿತ್ತು. ಡ್ರೈವರ್ ಮಹದೇವು ಲಾಕಪ್ಪಿನಲ್ಲಿದ್ದ. ಸಂಜೆ ಐದರೊಳಗೆ ಅವನನ್ನು ಜಡ್ಜ್ ಮುಂದೆ ನಿಲ್ಲಿಸಬೇಕು. ಅಷ್ಟರಲ್ಲಿ ವ್ಯಾನು ಸಿಕ್ಕರೆ ಸರಿ. ಸಿಗದಿದ್ದರೆ ಹುಡುಗ ನೇರ ಜೈಲಿಗೆ.

ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ. ಮಹದೇವು ಹೇಳಿದ್ದು ಇಷ್ಟೇ: ಮೂತ್ರಕ್ಕೆಂದು ಇಳಿದೆ, ಪೊದೆಯ ಹಿಂದೆ ಹೋದೆ, ವಾಪಸು ಬಂದಾಗ ವ್ಯಾನಿರಲಿಲ್ಲ. ಠಾಣೆಯೆಲ್ಲ ನಕ್ಕಿತ್ತು. ವ್ಯಾನಿನ ಮಾಲೀಕ ಬಸವಣ್ಣ, "ಅವನೇ ಮಾರ್ಕಂಡವನೆ, ನಾಕು ಬಿಟ್ರೆ ಬಾಯ್ ಬುಡ್ತಾನೆ" ಎಂದು ದೂರು ಕೊಟ್ಟು ಹೋದ. ಆ ಬಸವಣ್ಣನ ಹೊಸ ಮನೆಯ ಗೃಹಪ್ರವೇಶ ಇವತ್ತು. ಇನ್‌ಸ್ಪೆಕ್ಟರ್ ಸಾಹೇಬರು ಠಾಣೆಯ ಒಂದೇ ಒಂದು ಜೀಪು ಹತ್ತಿಕೊಂಡು ಹೋಳಿಗೆ ಊಟಕ್ಕೆ ಹೋಗಿದ್ದರು. ದೂರು ಕೊಟ್ಟವನ ಮನೆಯಲ್ಲಿ ಊಟ. ತನಿಖೆ ಮಾಡುವವನಿಗೆ ಐಸ್‌ಕ್ಯಾಂಡಿ ಪೆಟ್ಟಿಗೆ.

"ಸರ್ಕಾರ ಅಂತೆ ಸರ್ಕಾರ," ಎಂದು ಗೊಣಗಿಕೊಂಡು ಶಾಂತರಾಜು ಬೊಟ್ಟನ್ನು ಕಿತ್ತುಕೊಂಡು ಕೆನ್ನೆಗೆ ಒತ್ತಿಕೊಂಡ.

"ಎಡಗಡೆ ಸಾ."

"ಮುಚ್ಚಲಾ."

ಕೇತಯ್ಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನವನು, ಕಾಡಿನ ಹಾಡಿಯಲ್ಲಿ ಹುಟ್ಟಿದವನು. ಠಾಣೆಗೆ ಬಂದ ಹೊಸದರಲ್ಲಿ, ಕಾಡಿನವನು, ಹೆಜ್ಜೆ ನೋಡಿಯೇ ಕಳ್ಳನನ್ನು ಹಿಡಿಯುತ್ತಾನೆ ಎಂದು ಶಾಂತರಾಜು ಬಹಳ ಆಸೆ ಇಟ್ಟುಕೊಂಡಿದ್ದ. ಮೇಕೆ ಕಳ್ಳತನದ ಜಾಗಕ್ಕೆ ಕರೆದುಕೊಂಡು ಹೋಗಿ ನೆಲ ತೋರಿಸಿದರೆ, "ನಂಗೆ ಎಜ್ಜೆಗಿಜ್ಜೆ ತಿಳಿಯಾಕಿಲ್ಲ ಸಾ, ನಾ ಬೆಳೆದಿದ್ದು ಯಳಂದೂರು ಆಸ್ಟೆಲ್‌ನಲ್ಲಿ" ಎಂದುಬಿಟ್ಟ. ಹಾಸ್ಟೆಲ್ಲಿನ ಹಿಂದೆ ಟೆಂಟ್ ಸಿನಿಮಾ ಇತ್ತು. ಹರಿದ ಹಳೇ ರೀಲುಗಳನ್ನೇ ಅಂಟಿಸಿ ಅಂಟಿಸಿ ಓಡಿಸುತ್ತಿದ್ದರು. ಕೇತಯ್ಯ ಕಲಿತ ಕಾನೂನೆಲ್ಲ ಅಲ್ಲಿಯದು. ಅವನ ಪ್ರಕಾರ ಪೊಲೀಸರು ಯಾವಾಗಲೂ ಜೋಡಿ. ಒಬ್ಬ ಕೋಪಿಷ್ಠ, ಒಬ್ಬ ತಮಾಷೆಯವನು. ಇಬ್ಬರೂ ಜೀವ ಹೋದರೂ ಬೇರೆಯಾಗುವುದಿಲ್ಲ.

"ನಮ್ಮಿಬ್ರಲ್ಲಿ ಕೋಪಿಷ್ಠ ಯಾರ್ಲಾ?" ಎಂದು ಒಮ್ಮೆ ಶಾಂತರಾಜು ಗದರಿಸಿದ್ದಕ್ಕೆ ಕೇತಯ್ಯ ಬಹಳ ಹೊತ್ತು ಯೋಚಿಸಿದವನಂತೆ ನಟಿಸಿ, "ಏಳಾಕ್ ಬರಾಕಿಲ್ಲ ಸಾ" ಎಂದಿದ್ದ.

ಈಗ ಇಬ್ಬರೂ ಕಬ್ಬಿನ ಗದ್ದೆಯ ಮರೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಎದುರಿಗಿದ್ದ ಆಲೆಮನೆಯನ್ನೇ ನೋಡುತ್ತಿದ್ದರು. ಗಾಡಿ ನಿಲ್ಲಿಸು ಎಂದು ಪೆಟ್ಟಿಗೆಯೊಳಗಿನಿಂದ ಕೇತಯ್ಯನ ಬೆನ್ನಿಗೆ ಗುದ್ದಿದ್ದು ಶಾಂತರಾಜುವೇ. ಯಳಂದೂರಿನ ಕಡೆ ಹೊರಟವರು ಇಲ್ಲಿ ನಿಲ್ಲಲು ಕಾರಣ, ಕಾಗೆಗಳು.

ಆಲೆಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಒಲೆ ಉರಿಯುತ್ತಿದ್ದರೆ ಒಂದು ಮೈಲಿ ದೂರಕ್ಕೆ ಬೆಲ್ಲದ ವಾಸನೆ ಬರಬೇಕು, ಜೇನುನೊಣ ಮುತ್ತಬೇಕು. ಇಲ್ಲಿ ಆ ವಾಸನೆಯಿಲ್ಲ, ನೊಣವಿಲ್ಲ. ಮಾಡಿನ ತುಂಬ ಕಾಗೆ ಕೂತಿದ್ದವು.

ಬೆಲ್ಲಕ್ಕೆ ಕಾಗೆ ಬರುವುದಿಲ್ಲ. ಕಾಗೆ ಬರುವುದು ಹುಳಕ್ಕೆ. ಶಾಂತರಾಜುವಿನ ಅವ್ವ ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅವಳು ಮನೆಗೆ ಬರುವಾಗ ಸೀರೆಯ ವಾಸನೆಗೇ ಬೀದಿಯ ಕಾಗೆಗಳೆಲ್ಲ ಹಿಂದೆ ಹಾರಿ ಬರುತ್ತಿದ್ದವು. ಗೂಡಿನೊಳಗಿನ ಹುಳ ಬದುಕಿರುತ್ತದೆ. ಬಿಸಿ ತೋರಿಸಿ ಕೊಲ್ಲದಿದ್ದರೆ ಕೆಲವು ದಿನದಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ನೂಲು ಬಿಚ್ಚುವುದಿಲ್ಲ. ಕದ್ದ ಮಾಲಾದರೂ ಅಷ್ಟೇ, ಕದ್ದವನಿಗೂ ಒಂದು ಒಲೆ ಬೇಕು. ಕೊಳ್ಳೇಗಾಲದ ಒಲೆಗಳನ್ನೆಲ್ಲ ಅವರಿಬ್ಬರೂ ಬೆಳಗ್ಗೆಯಿಂದ ಸುತ್ತಿ ನೋಡಿದ್ದರು. ಆಲೆಮನೆಯ ಒಲೆ ಮಾತ್ರ ಅವರ ತಲೆಗೆ ಬಂದಿರಲಿಲ್ಲ.

"ನುಗ್ಗನಾ ಸಾ?"

"ಬೆಲ್ಲ ಕೊಳ್ಳೋರಂಗೆ ಓಗನ. ಮೊದ್ಲು ಮಾತು."

ಹೊರಡುವ ಮೊದಲು ಶಾಂತರಾಜುವಿನ ಕಣ್ಣ ಮುಂದೆ ರತ್ನ ಬಂದು ನಿಂತಳು. ಮಹದೇವುವಿನ ಅಕ್ಕ. ಗಂಡ ಸತ್ತ ಮೇಲೆ ಟ್ರಾಕ್ಟರ್ ಓಡಿಸಿಕೊಂಡು, ಊರವರ ಹೊಲ ಉತ್ತು, ತಮ್ಮನನ್ನು ಸಾಕಿದವಳು. ತಮ್ಮನಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಬೆಳಗ್ಗೆ ಠಾಣೆಗೆ ಟಿಫನ್ ಕ್ಯಾರಿಯರ್ ಹಿಡಿದು ಬಂದಿದ್ದಳು. ಮುದ್ದೆ, ಉಪ್ಸಾರು. ತಮ್ಮ ತುತ್ತು ಎತ್ತಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. "ನೀವಾದ್ರೂ ಉಣ್ಣಿ ಸಾ, ರಾತ್ರಿಯಿಂದ ನಿಂತಿದ್ದೀರಿ" ಎಂದು ಇವರಿಬ್ಬರಿಗೇ ಬಡಿಸಿದಳು. ಕ್ಯಾರಿಯರ್‌ನ ಕೊಂಡಿ ಮುರಿದಿತ್ತು. ಕೆಂಪು ರೇಷ್ಮೆ ಹುರಿಯಲ್ಲಿ ಬಿಗಿದು ಕಟ್ಟಿದ್ದಳು. ಬಟ್ಟಲುಗಳ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ: ರತ್ನಳ ಮದುವೆಗೆ ಸೋದರಮಾವ ದೊಡ್ಡಮಾದಪ್ಪನ ಉಡುಗೊರೆ.

ಅನ್ನ ಹಾಕಿದ ಕೈ. ಶಾಂತರಾಜು ಅವಳಿಗೆ ಮಾತು ಕೊಟ್ಟಿದ್ದ. "ಸಂಜೆ ಒಳ್ಗೆ ನಿನ್ ತಮ್ಮನ್ನ ನಿನ್ ಕೈಗೆ ಒಪ್ಪಿಸ್ತೀನಿ ಕಣವ್ವ. ನೀ ಊರಿಗೆ ಓಗು." ಅವಳು ತಲೆ ಆಡಿಸಿ ಹನೂರು ಬಸ್ಸು ಹತ್ತಿದ್ದನ್ನು ಇವನೇ ನಿಂತು ನೋಡಿದ್ದ.

ಒಂದೇ ಒಂದು ವಿಷಯ ಮಾತ್ರ ಬಾಯೊಳಗೆ ಕಲ್ಲು ಸಿಕ್ಕಂತೆ ಸಿಕ್ಕಿತ್ತು. ವ್ಯಾನಿನ ಕೀ ಮಹದೇವುವಿನ ಜೇಬಿನಲ್ಲೇ ಇತ್ತು. ಹಾಗಾದರೆ ವ್ಯಾನು ಓಡಿದ್ದು ಎರಡನೇ ಕೀಯಿಂದ. "ಅದೆಲ್ಲಿ?" ಎಂದರೆ ಮಹದೇವು, "ಕಳ್ದೋಯ್ತು ಸಾ" ಎಂದು ತಡವರಿಸಿದ್ದ. ಬಸವಣ್ಣನಿಗೆ ಹೆದರಿಕೊಂಡು ಹಾಗೆಂದಿರಬೇಕು ಎಂದು ಶಾಂತರಾಜು ಸುಮ್ಮನಾಗಿದ್ದ. ಎರಡನೇ ಕೀ ಮಾಲೀಕನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಇರುತ್ತದೆ?

ಆಲೆಮನೆಯ ಮುಂದೆ ಹಗ್ಗದ ಮಂಚದ ಮೇಲೆ ಮಾಲೀಕ ಮಾದಣ್ಣ ಕೂತಿದ್ದ. ಬಿಳೀ ಪ್ಯಾಂಟು, ಬಿಳೀ ಶರಟು, ಬಿಳೀ ಚಪ್ಪಲಿ, ಕಪ್ಪು ಕನ್ನಡಕ. ಬೆನ್ನ ಹಿಂದೆ ಇಬ್ಬರು ದಾಂಡಿಗರು. ಒಬ್ಬ ಬನಿಯನ್ನಿನಲ್ಲಿ, ಇನ್ನೊಬ್ಬ ಹೂವಿನ ಶರಟಿನಲ್ಲಿ.

ಕೇತಯ್ಯ ಸಂತೋಷ ತಡೆಯಲಾರದೆ ಮೊಣಕೈಯಿಂದ ತಿವಿದ. "ನೋಡಿ ಸಾ. ತೊಡೆ ಮ್ಯಾಲೊಂದು ಬೆಕ್ಕಿದ್ದಿದ್ರೆ ಪೂರ್ತಿ ಆಗದು."

ಮಾದಣ್ಣ ಕನ್ನಡಕ ಇಳಿಸಿ ನೋಡಿದ. "ಯಾನ ಶಾಂತರಾಜು, ಕ್ಯಾಂಡಿ ಮಾರಾಕ್ ಸುರು ಮಾಡ್ದಾ? ಅದ್ಯಾನ ಕೆನ್ನೆ ಮ್ಯಾಲೆ? ನೊಣ ಕುಂತದೆ ನೋಡು."

ಶಾಂತರಾಜು ಕೇತಯ್ಯನ ಕಡೆ ತಿರುಗಿ ನೋಡಿದ ನೋಟಕ್ಕೆ ಹಸಿ ಕಬ್ಬೂ ಹೊತ್ತಿಕೊಳ್ಳಬೇಕಿತ್ತು.

"ಬೆಲ್ಲ ಬೇಕಿತ್ತು ಮಾದಣ್ಣ. ಮನೇಲಿ ಕಾರ್ಯ ಅದೆ."

"ಬೆಲ್ಲ ಇಲ್ಲ ಕಣಪ್ಪ. ಗಾಣ ಕೆಟ್ಟದೆ. ಇನ್ನೊಂದ್ ದಿನ ಬಾ."

"ಗಾಣ ಕೆಟ್ಟಿದ್ರೆ ಒಲೆ ಯಾಕ್ ಉರೀತದೆ?"

"ನೀರ್ ಕಾಯ್ತಾ ಅದೆ. ಆಳುಗಳು ಮೈ ತೊಳ್ಕಳಾಕೆ."

"ಕೊಪ್ಪರಿಗೆ ತುಂಬಾನಾ? ಆನೆ ಏನಾರ ಸಾಕಿದ್ದೀಯಾ?"

ಹೂವಿನ ಶರಟಿನವನು ಮುಂದೆ ಬಂದ. "ಇಲ್ಲ ಅಂದ್ರಲ್ಲ, ಓಗ್ರಿ."

ಶಾಂತರಾಜು ಹೋಗಲಿಲ್ಲ. ಅವನು ಮಾದಣ್ಣನ ಕೈಗಳನ್ನೇ ನೋಡುತ್ತ ನಿಂತ. ಕೈಗಳು ತೊಡೆಯ ಮೇಲೆ ಹಾಗೇ ಇದ್ದವು.

ಈ ಸೀಮೆಯಲ್ಲಿ ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸುವವರಿಲ್ಲ. ದಾರಿಹೋಕ ಬರಲಿ, ಭಿಕ್ಷುಕ ಬರಲಿ, ಬದುವಿಗಾಗಿ ಜಗಳ ಕಾಯಲು ದಾಯಾದಿಯೇ ಬರಲಿ, ಮೊದಲು ಒಂದು ಲೋಟ ಕಬ್ಬಿನ ಹಾಲು, ಆಮೇಲೆ ಎಲೆಯ ಮೇಲೆ ಬಿಸಿ ಬೆಲ್ಲ. ಗಾಣ ಕೆಟ್ಟಿದ್ದರೆ ಹಳೇ ಅಚ್ಚಿನದೊಂದು ಚೂರು ಮುರಿದು ಕೈಗಿಟ್ಟು, ಬೈಯುವುದನ್ನು ಆಮೇಲೆ ಬೈಯುತ್ತಾರೆ. ಮಾದಣ್ಣನ ಅಪ್ಪ, ಅಜ್ಜ ಎಲ್ಲರೂ ಹಾಗೆ ಕೊಟ್ಟವರೇ. ಶಾಂತರಾಜು ಹುಡುಗನಾಗಿದ್ದಾಗ ಇದೇ ಬಾಗಿಲಲ್ಲಿ ಬೆಲ್ಲ ನೆಕ್ಕಿಕೊಂಡು ನಿಂತವನು. ಹುಟ್ಟಿದಾಗಿನಿಂದ ಇಲ್ಲೇ ಬೆಳೆದ ಮನುಷ್ಯ ಅದನ್ನು ಮರೆಯಬೇಕಾದರೆ ಅವನ ತಲೆ ಎಲ್ಲಿರಬೇಕು?

"ಮಾದಣ್ಣ, ಒಂದ್ ಚೂರು ಬೆಲ್ಲ ಕೊಡು. ತಿನ್ಕಂಡು ಒಂಟೋಯ್ತೀವಿ."

"ಇಲ್ಲ ಅಂದ್ನಲ್ಲ."

"ಲೋಟ ನೀರು?"

"ಶಾಂತರಾಜು, ಸುಮ್ಕೆ ಓಗು. ನಿಮ್ ಸಾಹೇಬ್ರು ನಂಗೆ ಗೊತ್ತು."

"ಗೊತ್ತಿರ್ತದೆ ಬುಡು. ಊಟ ಆಕೋರೆಲ್ಲ ಅವರ್ಗೆ ಗೊತ್ತು." ಕಿವಿಯ ತುದಿಯ ಕೆಂಪು ಕುತ್ತಿಗೆಗೆ ಇಳಿದಿತ್ತು. "ನಿಮ್ಮಪ್ಪ ಈ ಬಾಗ್ಲಲ್ಲಿ ಕುರುಡರ್ಗೂ ಕರೆದು ಕೊಡ್ತಿದ್ರು. ಕೊಪ್ಪರಿಗೇಲಿ ಇರೋದು ಬೆಲ್ಲ ಆಗಿದ್ರೆ ನಿನ್ ಕೈ ತಾನಾಗೇ ಎದ್ದಿರೋದು. ಒಳಗೆ ಯಾನ ಬೇಯಿಸ್ತಿದ್ದೀಯ?"

ಬನಿಯನ್ನಿನವನು ಬಾಗಿಲಿಗೆ ಅಗುಳಿ ಹಾಕಿ ಅಡ್ಡ ನಿಂತ. ಅದೇ ಹೊತ್ತಿಗೆ ಹಿಂದಿನಿಂದ ಗಾಡಿ ಸ್ಟಾರ್ಟ್ ಆದ ಸದ್ದು.

"ಬನ್ನಿ ಸಾ, ಕುಂತ್ಕಳಿ, ಓಗನ," ಎಂದ ಕೇತಯ್ಯ.

ಶಾಂತರಾಜುವಿಗೆ ಜೀವಮಾನದಲ್ಲಿ ಅಷ್ಟು ಅವಮಾನವಾಗಿರಲಿಲ್ಲ. ಹಲ್ಲು ಕಚ್ಚಿಕೊಂಡು ಪೆಟ್ಟಿಗೆ ಹತ್ತಿದ. ಗಾಡಿ ರಸ್ತೆಯ ಕಡೆ ತಿರುಗಿತು. ಬೆನ್ನ ಹಿಂದೆ ಮಾದಣ್ಣ ನಗುವುದು ಕೇಳಿಸಿತು. ಸ್ವಲ್ಪ ದೂರ ಹೋದ ಮೇಲೆ ಕೇತಯ್ಯ ಗಾಡಿಯನ್ನು ಗದ್ದೆಯ ಬದುವಿನ ಮೇಲೆ ಹತ್ತಿಸಿ, ಆಲೆಮನೆಯ ಪಕ್ಕಕ್ಕೆ ತಿರುಗಿಸಿ, ಇಂಜಿನ್ ಗುರುಗುಟ್ಟಿಸಿದ. ಆ ಕಡೆ ಗೋಡೆಯಿರಲಿಲ್ಲ. ತೆಂಗಿನ ಗರಿಯ ತಡಿಕೆ ಮಾತ್ರ.

"ಬ್ಯಾಡ ಕಣ್ಲಾ."

"ತಲೆ ತಗ್ಗಿಸ್ಕಳಿ ಸಾ."

"ಕೇತಯ್ಯ, ನಾನು ನಿನ್ ಮೇಲಧಿಕಾರಿ."

"ಗೊತ್ತು ಸಾ. ಗಟ್ಟಿಯಾಗಿ ಇಡ್ಕಳಿ."

ತಡಿಕೆ ಹರಿದು ಗಾಡಿ ಒಳಕ್ಕೆ ನುಗ್ಗಿತು. ಐಸ್‌ಕ್ಯಾಂಡಿಯವನ ಗಂಟೆ ತಾನಾಗೇ ಬಡಿದುಕೊಳ್ಳುತ್ತಿತ್ತು. ಗಾಡಿ ಒಂದು ಕಂಬಕ್ಕೆ ಗುದ್ದಿ ನಿಂತಿತು, ಪೆಟ್ಟಿಗೆ ಬೆಸುಗೆ ಬಿಟ್ಟು ಕಳಚಿಕೊಂಡು ತನ್ನ ಪಾಡಿಗೆ ತಾನು ಹೋಯಿತು. ಅದರೊಳಗಿದ್ದ ಶಾಂತರಾಜು ಗಾಳಿಯಲ್ಲಿ ಎದ್ದು ಯಾವುದೋ ಮೆತ್ತನೆಯ ಗುಡ್ಡೆಯ ಮೇಲೆ ಬಿದ್ದ. ಹಳೇ ಪಿಚ್ಚರುಗಳಲ್ಲಾದರೆ ಖಾಲಿ ರಟ್ಟಿನ ಡಬ್ಬಗಳ ಮೇಲೆ ಬೀಳುತ್ತಾರೆ. ಇದು ರಟ್ಟಾಗಿರಲಿಲ್ಲ. ಹಳದಿ, ಬಿಳಿ, ಹಗುರ ಹಗುರ. ರೇಷ್ಮೆಗೂಡು. ಸುತ್ತಲೂ ಗೂಡು. ಕೊಪ್ಪರಿಗೆಯ ಒಲೆಯ ಮೇಲೆ ಬಿದಿರಿನ ತಟ್ಟೆಗಳಲ್ಲಿ ಗೂಡು. ಮೂಲೆಯಲ್ಲಿ ಕಬ್ಬಿನ ಸಿಪ್ಪೆ ಹೊದಿಸಿ ನಿಲ್ಲಿಸಿದ್ದ ಬಸವಣ್ಣನ ವ್ಯಾನು.

"ಸಿಕ್ತು ಸಾ," ಎಂದು ಕೇತಯ್ಯ ಕೂಗಿದ.

"ಸಾಕ್ಷಿ ಮ್ಯಾಲೇ ಬೀಳಿಸ್ದಲ್ಲೋ ನನ್ನ."

ಬಾಗಿಲು ತೆಗೆದು ಇಬ್ಬರೂ ದಾಂಡಿಗರು ಒಟ್ಟಿಗೇ ನುಗ್ಗಿದರು. ಕೇತಯ್ಯನ ಮುಖದಲ್ಲಿ ನಿಜವಾದ ಬೇಸರ ಕಾಣಿಸಿತು.

"ಒಬ್ಬೊಬ್ರೇ ಬನ್ರಲಾ. ಒಬ್ರು ಬಂದು ಒಡಸ್ಕಳೋಗಂಟ ಇನ್ನೊಬ್ರು ಸುತ್ತಾ ಕುಣೀತಿರ್ಬೇಕು. ಅದೂ ಗೊತ್ತಿಲ್ವಾ?"

ಹೂವಿನ ಶರಟಿನವನು ಉತ್ತರವಾಗಿ ಅವನ ದವಡೆಗೆ ಒಂದು ಕೊಟ್ಟ. ಕೇತಯ್ಯ ಹಿಂದಕ್ಕೆ ಹಾರಿ, ಅಲ್ಲಿದ್ದ ಪೀಪಾಯಿಯನ್ನು ಅವರ ಕಡೆ ಉರುಳಿಸಲೆಂದು ಜೋರಾಗಿ ಒದ್ದ. ಪಿಚ್ಚರಿನ ಪೀಪಾಯಿ ಖಾಲಿ ಇರುತ್ತದೆ. ಇದರ ತುಂಬ ಬೆಲ್ಲದ ಅಂಟುಮಡ್ಡಿ, ಕಾಕಂಬಿ ಇತ್ತು. ಪೀಪಾಯಿ ಅಲ್ಲಾಡಲಿಲ್ಲ. ಕೇತಯ್ಯ ಕಾಲು ಹಿಡಿದುಕೊಂಡು ಕುಂಟುತ್ತ ಆಲೆಮನೆಯೆಲ್ಲ ಸುತ್ತಿದ. ಅವನನ್ನು ಹಿಡಿಯಲು ಹೂವಿನ ಶರಟಿನವನೂ ಸುತ್ತಿದ.

ಬನಿಯನ್ನಿನವನು ಶಾಂತರಾಜುವಿನ ಕಡೆ ಬಂದ. ಶಾಂತರಾಜುವಿನ ಮಂಡಿ ಅವನ ಮಾತು ಕೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕೋಪ ಮಾತ್ರ ಎಳೆಯದಾಗಿತ್ತು. ಜೀಪಿನ ಮೇಲಿನ ಕೋಪ, ಹೋಳಿಗೆಯ ಮೇಲಿನ ಕೋಪ, ತಣ್ಣಗೆ ಒದ್ದೆಯಾದ ಪಂಚೆಯ ಕೋಪ. ಬೆಲ್ಲ ತೊಳಸುವ ಉದ್ದ ಹಿಡಿಯ ಸೌಟು ಕೈಗೆ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು ಒಂದು ಸಲ ಬೀಸಿದ. ಬನಿಯನ್ನಿನವನು ತಪ್ಪಿಸಿಕೊಂಡ. ಸೌಟು ಪೀಪಾಯಿಯ ನಲ್ಲಿಗೆ ಬಡಿದು ನಲ್ಲಿ ಮುರಿಯಿತು. ಕಪ್ಪನೆಯ ಕಾಕಂಬಿ ನೆಲದ ಮೇಲೆ ನಿಧಾನವಾಗಿ ಹರಡಿಕೊಂಡಿತು. ಓಡಿ ಬಂದ ಹೂವಿನ ಶರಟಿನವನು ಅದರ ಮೇಲೆ ಕಾಲಿಟ್ಟ, ಜಾರಿದ, ಬನಿಯನ್ನಿನವನನ್ನು ಅಪ್ಪಿಕೊಂಡ. ಇಬ್ಬರೂ ಗೂಡಿನ ಗುಡ್ಡೆಗೆ ಹೋಗಿ ಬಿದ್ದರು. ಎದ್ದಾಗ ಮೈಯೆಲ್ಲ ಗೂಡು ಅಂಟಿಕೊಂಡು ಹಿಟ್ಟಿನಲ್ಲಿ ಹೊರಳಿಸಿದ ವಡೆಗಳ ಹಾಗೆ ಕಂಡರು.

ಕೇತಯ್ಯ ಇಬ್ಬರನ್ನೂ ಗಾಣದ ಕಂಬಕ್ಕೆ ಕಟ್ಟಿ ಹಾಕಿದ. ಹಗ್ಗ ಸಾಲದೆ ಶಾಂತರಾಜುವಿನ ಪಂಚೆಯನ್ನು ಕೇಳಿದ. ಬೈಸಿಕೊಂಡು ತನ್ನದನ್ನೇ ಬಿಚ್ಚಿದ. ಒಳಗೆ ಖಾಕಿ ಚಡ್ಡಿ ಇತ್ತು.

ಇಷ್ಟೆಲ್ಲ ಆಗುವಾಗ ಮಾದಣ್ಣ ಓಡಿಹೋಗಿರಲಿಲ್ಲ. ಬಾಗಿಲಲ್ಲಿ ಒರಗಿ ನಿಂತು ನೋಡುತ್ತಿದ್ದ. ಅದನ್ನೇ ಶಾಂತರಾಜುವಿಗೆ ತಡೆಯಲಾಗಲಿಲ್ಲ.

"ನಾಚ್ಕೆ ಆಗಾಕಿಲ್ವಾ ನಿಂಗೆ?" ಸೌಟು ಇನ್ನೂ ಕೈಯಲ್ಲೇ ಇತ್ತು. "ಒಂದೊಂದ್ ಗೂಡ್ಗೂ ಆ ಹನೂರು ಕಡೆ ಎಣ್ಮಕ್ಳು ರಾತ್ರಿ ಎದ್ದು ಎದ್ದು ಸೊಪ್ಪು ಆಕವ್ರೆ. ಹುಳ ಸಾಕೋ ಮನೇಲಿ ಒಗ್ಗರಣೆ ಆಕಾಕಿಲ್ಲ, ಊದುಬತ್ತಿ ಅಚ್ಚಾಕಿಲ್ಲ, ವಾಸನೆಗೆ ಹುಳ ಸಾಯ್ತದೆ ಅಂತ. ಮಕ್ಳು ಸಪ್ಪೆ ಸಾರು ಉಂಡು ಸಾಕಿದ್ದನ್ನ ನೀನು ಇಲ್ಲಿ ನೆಳ್ಳಲ್ಲಿ ಕುಂತು ಬೇಯಿಸ್ತಿದ್ದೀಯ. ನಿನ್ ಬದ್ಲು ಒಬ್ಬ ಬಡವ ಲಾಕಪ್ನಲ್ಲಿ ಮೊಣಕಾಲ್ಗೆ ತಲೆ ಕೊಟ್ಕಂಡ್ ಕುಂತವನೆ."

"ಮುಗೀತಾ?" ಎಂದ ಮಾದಣ್ಣ. "ಒಲೆ ಬಾಡ್ಗೆಗೆ ಕೇಳಿದ್ರು, ಕೊಟ್ಟೆ. ವ್ಯಾನ್ ನಾ ಕದ್ದಿಲ್ಲ. ನಂಗೆ ಡ್ರೈವಿಂಗೇ ಬರಾಕಿಲ್ಲ, ಊರ್ನೆಲ್ಲ ಕೇಳು."

"ಬಸವಣ್ಣ ತಾನೆ ತಂದದ್ದು? ಅವನತ್ರ ತಾನೆ ಎರಡನೇ ಕೀ ಇರಾದು?"

ಮಾದಣ್ಣ ನಗಲು ಶುರು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

"ಬಸವಣ್ಣನ್ಗೆ ಅವನ ವ್ಯಾನ್ ಎಲ್ಲದೆ ಅಂತ್ಲೇ ಗೊತ್ತಿಲ್ಲ ಕಣಯ್ಯ, ಪಾಪ. ಸರಿ, ಒಂದು ಕೇಳ್ತೀನಿ ಏಳು. ಬೆಳಗ್ಗೆ ಉಪ್ಸಾರು ಉಂಡ್ಯಂತಲ್ಲ. ಉಪ್ಪು ಸರ್ಯಾಗಿತ್ತಾ?"

ಕೊಪ್ಪರಿಗೆಯ ಒಲೆಯಲ್ಲಿ ಸಿಪ್ಪೆ ಚಟಚಟ ಉರಿಯಿತು. ಕೇತಯ್ಯ ಕುಂಟುವುದನ್ನು ನಿಲ್ಲಿಸಿದ.

ಬೆಳಗ್ಗೆ ಠಾಣೆಯ ಒಳಕೋಣೆಯಲ್ಲಿ ಉಪ್ಸಾರು ಉಂಡವರು ಇಬ್ಬರೇ. ಬಡಿಸಿದವಳು ಒಬ್ಬಳು.

"ಅದ್ ನಿಂಗೆ ಎಂಗೊತ್ತು?" ಶಾಂತರಾಜುವಿನ ದನಿ ತಗ್ಗಿತ್ತು.

ಮಾದಣ್ಣ ಕನ್ನಡಕ ಮತ್ತೆ ಏರಿಸಿಕೊಂಡ. ಗಲ್ಲದಿಂದ ಹಿಂಬಾಗಿಲ ಕಡೆ ತೋರಿಸಿದ. ಅಲ್ಲಿ ನೀರಿನ ತೊಟ್ಟಿಯ ಪಕ್ಕ ಒಂದು ಕಲ್ಲು ಚಪ್ಪಡಿ ಇತ್ತು. ಚಪ್ಪಡಿಯ ಮೇಲೆ ಟಿಫನ್ ಕ್ಯಾರಿಯರ್‌ನ ಬಟ್ಟಲುಗಳನ್ನು ಬೂದಿಯಲ್ಲಿ ಉಜ್ಜಿ, ತೊಳೆದು, ಬೋರಲು ಹಾಕಿದ್ದರು. ಒಂದರ ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಒಣಗಲು ಹರಡಿದ ಕೆಂಪು ರೇಷ್ಮೆ ಹುರಿ.

ಶಾಂತರಾಜು ಬಗ್ಗಿ ಒಂದು ಬಟ್ಟಲನ್ನು ತಿರುಗಿಸಿದ. ಚುಕ್ಕಿ ಚುಕ್ಕಿ ಅಕ್ಷರ. ಸೋದರಮಾವ ದೊಡ್ಡಮಾದಪ್ಪ. ಓದಬೇಕಾಗಿರಲಿಲ್ಲ.

"ಎಳ್ಕಂಡ್ ಬಂದವ್ರೆ ಸಾ," ಎಂದ ಕೇತಯ್ಯ ಅವಸರವಾಗಿ. "ರತ್ನಕ್ಕನ್ನ ಬಸ್‌ನಿಂದ ಇಳಿಸ್ಕಂಡು ಬಂದು ಕಟ್ಟಾಕವ್ರೆ. ಪಿಚ್ಚರ್‌ನಲ್ಲಿ ಇಂಗೇಯ. ಇಲ್ಲೇ ಎಲ್ಲೋ ಕಂಬಕ್ಕೆ ಕಟ್ಟಿರ್ತಾರೆ."

"ಎಳ್ಕಂಡ್ ಬಂದೋಳು ಕ್ಯಾರಿಯರ್ ತೊಳ್ದು ಬೋರಲಾಕ್ತಾಳಾ?"

ಕೇತಯ್ಯ ಕುಂಟಿಕೊಂಡು ತೊಟ್ಟಿಯ ಹತ್ತಿರ ಹೋದ. ನೆಲ ನೋಡಿದ. ತೊಟ್ಟಿಯ ಸುತ್ತ ಒಲೆಯ ಬೂದಿ ಚೆಲ್ಲಿತ್ತು. ಬೂದಿಯ ಮೇಲೆ ಒದ್ದೆ ಪಾದದ ಗುರುತುಗಳು, ಸಣ್ಣವು, ಹಿಂಬಾಗಿಲಿನಿಂದ ಆಚೆ ಹೋಗಿದ್ದವು. ಅವನು ಬಗ್ಗಿ ಒಂದೊಂದನ್ನೂ ನೋಡಿದ.

"ಸಾ," ಎಂದ. "ನಂಗೆ ಎಜ್ಜೆ ತಿಳಿಯಾಕಿಲ್ಲ. ಆದ್ರೂ ಇದು ಓಡಿರೋದಲ್ಲ. ಯಾರೂ ಎಳ್ದಿರೋದೂ ಅಲ್ಲ. ನಡ್ಕಂಡ್ ಓಗಿರೋದು, ನಿಧಾನ್ಕೆ."

ಕಳೆದು ಹೋದ ಎರಡನೇ ಕೀ ರತ್ನಳ ಹತ್ತಿರವೇ ಇದ್ದಿರಬೇಕು. "ಅದೆಲ್ಲಿ" ಎಂದಾಗ ಮಹದೇವು ತಡವರಿಸಿದ್ದು ಬಸವಣ್ಣನ ಹೆದರಿಕೆಗಲ್ಲ. ಆಗ ಅವನ ಕಣ್ಣು ಹೋಗಿದ್ದು ಬಾಗಿಲ ಬಳಿ ಕ್ಯಾರಿಯರ್ ಹಿಡಿದು ನಿಂತಿದ್ದ ಅಕ್ಕನ ಕಾಲಿನ ಕಡೆಗೆ. ಶಾಂತರಾಜು ಅದನ್ನು ನೋಡಿದ್ದ. ನೋಡಿಯೂ ಮುದ್ದೆ ಮುರಿದಿದ್ದ.

ಅವನಿಗೆ ಬಂದ ಕೋಪಕ್ಕೆ ಹೆಸರಿರಲಿಲ್ಲ. ಮಾದಣ್ಣನ ಮೇಲೋ, ಆ ಹೆಂಗಸಿನ ಮೇಲೋ, ಅವಳ ಕೈ ಸಾರಿನ ರುಚಿ ಇನ್ನೂ ನೆನಪಿದ್ದ ತನ್ನ ನಾಲಿಗೆಯ ಮೇಲೋ. ತಮ್ಮ ಕಂಬಿಯ ಹಿಂದಿರುವಾಗ ಇಲ್ಲಿಗೆ ಬಂದು ಪಾತ್ರೆ ತೊಳೆದು ಹೋಗಬೇಕಾದರೆ ಅವಳ ಮನಸ್ಸಿನಲ್ಲಿ ಏನಿತ್ತು?

ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರ್. ಹಿಂದುಗಡೆ ವಾಲಗದ ಸದ್ದು, ಬಾಯ ತುಂಬ ಹೋಳಿಗೆ.

"ಏನಪ್ಪಾ ಶಾಂತರಾಜು, ಎಲ್ಲಿದ್ದೀಯ? ಕೋರ್ಟಿಗೆ ಕಾಗದ ರೆಡಿ ಮಾಡಿಸ್ತಾ ಇದ್ದೀನಿ."

"ವ್ಯಾನ್ ಸಿಕ್ತು ಸಾ. ಗೂಡೂ ಸಿಕ್ತು. ಮಹದೇವು ಕದ್ದಿಲ್ಲ."

ಆ ಕಡೆ ಅಗಿಯುವುದು ನಿಂತಿತು. "ಭೇಷ್. ಹಾಗಾದ್ರೆ ಕದ್ದವರು ಯಾರು? ಹೆಸರು ಹೇಳು. ಆ ಹೆಸರು ಬರೆಸಿ ಹುಡುಗನ್ನ ಈಗಲೇ ಬಿಟ್ಟು ಕಳಿಸ್ತೀನಿ."

ಶಾಂತರಾಜು ಬಾಯಿ ತೆರೆದ. ಸಂಜೆಯೊಳಗೆ ನಿನ್ನ ತಮ್ಮನನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂದಿದ್ದ. ಒಪ್ಪಿಸಲು ಈಗ ಬೇಕಾಗಿದ್ದದ್ದು ಒಂದೇ ಮಾತು, ಎರಡಕ್ಷರ. ಅದನ್ನು ಹೇಳಿದರೆ ತಮ್ಮ ಹೊರಗೆ ಬರುತ್ತಾನೆ. ಯಾವ ಕೈಗೆ ಬರುತ್ತಾನೆ?

"ಹೆಸರು, ಶಾಂತರಾಜು. ಹೇಳದಿದ್ರೆ ಇರೋ ಹೆಸರೇ ಇರುತ್ತೆ. ನನಗೇನು."

ಕೇತಯ್ಯ ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದ. ಹೇಳಿ ಎನ್ನುವಂತೆಯೂ ಇತ್ತು. ಬೆವರಿಗೆ ಶಾಂತರಾಜುವಿನ ಕೆನ್ನೆಯ ಮಚ್ಚೆ ಜಾರಿ ಬಟ್ಟಲಿನೊಳಗೆ ಬಿತ್ತು.

ಆಗ ಆಲೆಮನೆಯ ಹಿಂದೆ, ಕಬ್ಬಿನ ಮರೆಯಲ್ಲಿ, ಒಂದು ಟ್ರಾಕ್ಟರ್ ಸ್ಟಾರ್ಟ್ ಆಯಿತು. ಅದು ದೂರ ಹೋಗಲಿಲ್ಲ. ಕಬ್ಬನ್ನು ಮುರಿಯುತ್ತ, ನೇರವಾಗಿ ಇವರ ಕಡೆಗೇ ಬರತೊಡಗಿತು.